ಟೋಕಿಯೊದಿಂದ ಒಂದು ದಿನದ ಪ್ರವಾಸ: ಊರು ಆಮೇಲೆ, ಸ್ಟೇಷನ್ ಮೊದಲು

ಬೆಂಗಳೂರಿನಿಂದ ಟೋಕಿಯೊ ಪಕ್ಕದ ನರೀತಾಗೆ ಈಗ ನೇರ ವಿಮಾನವಿದೆ. 2024ರ ಏಪ್ರಿಲ್‌ನಿಂದ ಭಾರತದ ಪ್ರವಾಸಿಗರಿಗೆ ಇ-ವೀಸಾ ಕೊಡುತ್ತಿದ್ದಾರೆ. ಅದೇ ವರ್ಷ ಯೆನ್ ಹಲವು ದಶಕಗಳಲ್ಲೇ ಕಾಣದಷ್ಟು ಕುಸಿಯಿತು. ಜಪಾನ್ ಎಂದರೆ ಕಂಪನಿ ಕೆಲಸದ ಮೇಲೆ ಹೋಗಿ ಬರುವ ದೇಶ ಎಂದುಕೊಂಡಿದ್ದವರೂ ಈಗ ಅಪ್ಪ-ಅಮ್ಮ, ಮಕ್ಕಳ ಸಮೇತ ಟಿಕೆಟ್ ಮಾಡಿಸುತ್ತಿದ್ದಾರೆ.

ಅಲ್ಲಿಗೆ ಹೋದ ಮೇಲೆ ಎರಡು-ಮೂರು ದಿನ ಟೋಕಿಯೊ ನಗರದ ಬೆರಗಿನಲ್ಲೇ ಕಳೆದುಹೋಗುತ್ತದೆ. ನಾಲ್ಕನೆಯ ದಿನ ಬೆಟ್ಟ, ಸಮುದ್ರ, ಹಳೆಯ ದೇವಾಲಯ ಏನಾದರೂ ನೋಡೋಣ, ರಾತ್ರಿ ಮಲಗಲು ಅದೇ ಹೋಟೆಲಿಗೆ ಬರೋಣ ಅನ್ನಿಸುತ್ತದೆ. ರೈಲಿನ ನಕ್ಷೆ ತೆರೆದರೆ ತಲೆ ತಿರುಗುತ್ತದೆ. ಹತ್ತಾರು ಕಂಪನಿಗಳು, ನೂರಾರು ಸ್ಟೇಷನ್‌ಗಳು, ಒಂದೇ ಹಳಿಯ ಮೇಲೆ ನಾಲ್ಕು ಬಗೆಯ ರೈಲುಗಳು. ಈ ಜಾಲ ಹೇಗೆ ಬೆಳೆಯಿತು ಎಂಬುದು ಗೊತ್ತಾದರೆ ಅರ್ಧ ಗೊಂದಲ ಹೋಗುತ್ತದೆ. ಉಳಿದರ್ಧಕ್ಕೆ ಟಿಕೆಟ್‌ನ ಲೆಕ್ಕ ಗೊತ್ತಿರಬೇಕು.

ಪಾಸ್ ತೆಗೆದುಕೊಳ್ಳಬೇಕೇ?

ಮೊದಲು ಇದನ್ನೇ ಮುಗಿಸಿಬಿಡೋಣ, ಏಕೆಂದರೆ ಹಳೆಯ ಸಲಹೆಗಳೆಲ್ಲ ಇಲ್ಲಿಂದಲೇ ಶುರುವಾಗುತ್ತಿದ್ದವು. ವಿದೇಶಿ ಪ್ರವಾಸಿಗರಿಗಾಗಿಯೇ ಇರುವ ಜಪಾನ್ ರೈಲ್ ಪಾಸ್ ತೆಗೆದುಕೊಂಡರೆ ಹಿಂದಿನ ಸರ್ಕಾರಿ ರೈಲ್ವೆಯಿಂದ ಬಂದ ಜೆಆರ್ (ಜಪಾನ್ ರೈಲ್ವೇಸ್) ಗುಂಪಿನ ರೈಲುಗಳಲ್ಲಿ ದೇಶವಿಡೀ ಓಡಾಡಬಹುದು. 2023ರ ಅಕ್ಟೋಬರ್‌ನಲ್ಲಿ ಏಳು ದಿನದ ಸಾಮಾನ್ಯ ದರ್ಜೆಯ ಪಾಸಿನ ಬೆಲೆ 29,650 ಯೆನ್‌ನಿಂದ ಒಮ್ಮೆಲೇ 50,000ಕ್ಕೆ ಏರಿತು. 100 ಯೆನ್ ಅಂದರೆ ಹೆಚ್ಚುಕಡಿಮೆ 55-60 ರೂಪಾಯಿ. ಟೋಕಿಯೊದಿಂದ ಕ್ಯೋಟೊಗೆ ಶಿಂಕಾನ್ಸೆನ್ ಎಂಬ ಬುಲೆಟ್ ರೈಲಿನಲ್ಲಿ ಹೋಗಿ ಬರಲು ಸುಮಾರು 28,000 ಯೆನ್ ಆಗುತ್ತದೆ. ಹಿಂದೆ ಆ ಒಂದು ಓಡಾಟದಲ್ಲೇ ಪಾಸಿನ ದುಡ್ಡು ಬಹುಪಾಲು ಹುಟ್ಟುತ್ತಿತ್ತು. ಈಗ ಹುಟ್ಟುವುದಿಲ್ಲ.

ಹಾಗಾಗಿ ದೇಶದ ಉದ್ದಗಲಕ್ಕೂ ಓಡುವ ಬದಲು ಒಂದೇ ನಗರದಲ್ಲಿ ಬೀಡುಬಿಟ್ಟು ಸುತ್ತಲಿನ ಊರುಗಳನ್ನು ನೋಡುವವರು ಹೆಚ್ಚಾಗಿದ್ದಾರೆ. ಟೋಕಿಯೊ ಸುತ್ತಲಿನ ಪ್ರವಾಸಗಳಿಗೆ ಈ ಪಾಸ್ ಬೇಕಿಲ್ಲ. ದುಬಾರಿ ಎನ್ನುವುದು ಒಂದು ಕಾರಣ. ಅದಕ್ಕಿಂತ ದೊಡ್ಡ ಕಾರಣವೆಂದರೆ ಈ ಊರುಗಳಿಗೆ ಹೋಗುವ ಅನುಕೂಲದ ರೈಲುಗಳಲ್ಲಿ ಅನೇಕವು ಜೆಆರ್‌ಗೆ ಸೇರಿದವೇ ಅಲ್ಲ. ಒಡಕ್ಯು, ತೋಬು, ಕೇಯೊ ಎಂಬ ಖಾಸಗಿ ಕಂಪನಿಗಳ ರೈಲುಗಳವು. ಅವುಗಳಲ್ಲಿ ಈ ಪಾಸ್ ನಡೆಯುವುದಿಲ್ಲ.

ಒಂದು ವೃತ್ತ, ಅದರ ಸುತ್ತ ಬಾಗಿಲುಗಳು

ಟೋಕಿಯೊದ ನಟ್ಟನಡುವೆ ಯಮನೋತೆ ಎಂಬ ವೃತ್ತಾಕಾರದ ರೈಲು ಮಾರ್ಗವಿದೆ. ಉದ್ದ 34.5 ಕಿ.ಮೀ., ಸ್ಟೇಷನ್‌ಗಳು 30, ಒಂದು ಸುತ್ತಿಗೆ ಸುಮಾರು ಒಂದು ಗಂಟೆ. ಇದು ಜೆಆರ್‌ನದು. ನಗರದ ಹೊರಗೆ ಹೋಗುವ ಖಾಸಗಿ ಮಾರ್ಗಗಳಲ್ಲಿ ಹೆಚ್ಚಿನವು ಈ ವೃತ್ತದ ಯಾವುದಾದರೊಂದು ಸ್ಟೇಷನ್‌ನಿಂದ ಹೊರಟು ಒಂದು ದಿಕ್ಕಿಗೆ ಸಾಗುತ್ತವೆ.

ಬೆಂಗಳೂರಿನವರಿಗೆ ಇದು ಹೊಸದೇನಲ್ಲ. ಮೈಸೂರಿಗೆ ಹೋಗುವವರು ಸ್ಯಾಟಲೈಟ್ ಬಸ್ ನಿಲ್ದಾಣಕ್ಕೆ ಹೋಗುತ್ತಾರೆ, ಹೊಸೂರು, ಸೇಲಂ ಕಡೆಯವರು ಶಾಂತಿನಗರಕ್ಕೆ. ಯಾವ ಊರು ಎನ್ನುವುದರ ಮೇಲೆ ಯಾವ ನಿಲ್ದಾಣ ಎನ್ನುವುದು ತೀರ್ಮಾನವಾಗುತ್ತದೆ. ಟೋಕಿಯೊದಲ್ಲೂ ಹೀಗೆಯೇ, ಆದರೆ ಪ್ರತಿ ದಿಕ್ಕಿಗೂ ಒಬ್ಬೊಬ್ಬ ಬೇರೆ ಒಡೆಯ.

ಶಿಂಜುಕು ಪಶ್ಚಿಮದ ಬಾಗಿಲು. ಇಲ್ಲಿಂದ ಒಡಕ್ಯು ಕಂಪನಿ ಹಕೋನೆಗೆ, ಕೇಯೊ ಕಂಪನಿ ತಕಾವೊ ಬೆಟ್ಟಕ್ಕೆ, ಜೆಆರ್ ಫ್ಯೂಜಿ ಪರ್ವತದ ಕಡೆಗೆ ಕರೆದೊಯ್ಯುತ್ತವೆ. ಇಕೆಬುಕುರೊದಿಂದ ತೋಬು ಕಂಪನಿಯ ಒಂದು ಮಾರ್ಗ ಕವಾಗೊಯೆಗೆ, ಸೇಬು ಕಂಪನಿಯ ಮಾರ್ಗ ಚಿಚಿಬು ಎಂಬ ಮಲೆಸೀಮೆಗೆ ಹೋಗುತ್ತವೆ. ಶಿಬುಯಾದಿಂದ ತೋಕ್ಯು ಯೊಕೊಹಾಮಾಗೆ, ಶಿನಾಗಾವಾದಿಂದ ಕೇಕ್ಯು ಮಿಯುರಾ ಪರ್ಯಾಯದ್ವೀಪದ ಕಡಲತೀರಕ್ಕೆ, ಉಯೆನೊದಿಂದ ಕೇಸೇ ನರೀತಾಗೆ. ಕಾಮಾಕುರಾಗೆ ಟೋಕಿಯೊ ಸ್ಟೇಷನ್‌ನಿಂದಲೇ ಜೆಆರ್ ಇದೆ.

ನಿಕ್ಕೊಗೆ ಹೋಗುವ ತೋಬು ರೈಲು ಮಾತ್ರ ಈ ಲೆಕ್ಕ ತಪ್ಪಿಸುತ್ತದೆ. ಅದು ಹೊರಡುವುದು ವೃತ್ತದ ಹೊರಗಿರುವ ಅಸಾಕುಸಾದಿಂದ. ಉಯೆನೊದಿಂದ ಅಲ್ಲಿಗೆ ಗಿಂಜಾ ಸುರಂಗ ಮಾರ್ಗದಲ್ಲಿ ಐದೇ ನಿಮಿಷ. 1927ರಲ್ಲಿ ಜಪಾನಿನ ಮೊದಲ ಸುರಂಗ ರೈಲು ಓಡಿದ್ದು ಇದೇ ಉಯೆನೊ-ಅಸಾಕುಸಾ ನಡುವೆ.

ಇದರಿಂದ ಒಂದು ಲಾಭವಿದೆ. ಹೋಟೆಲ್ ಹುಡುಕುವ ಮೊದಲೇ ಯಾವ ಊರುಗಳಿಗೆ ಹೋಗಬೇಕೆಂದು ನಿರ್ಧರಿಸಿಕೊಂಡರೆ ಆ ಬಾಗಿಲಿನ ಹತ್ತಿರವೇ ಉಳಿಯಬಹುದು. ಹಕೋನೆ, ಫ್ಯೂಜಿ, ತಕಾವೊ ಪಟ್ಟಿಯಲ್ಲಿದ್ದರೆ ಶಿಂಜುಕು ಬಿಟ್ಟು ಅಸಾಕುಸಾದಲ್ಲಿ ಕೋಣೆ ಹಿಡಿಯುವುದು ದಿನವೂ ಬೆಳಗಿನ ಮುಕ್ಕಾಲು ಗಂಟೆ ಕಳೆದುಕೊಂಡಂತೆ. ಭಾರತೀಯ ಕುಟುಂಬಗಳು ಹೆಚ್ಚಿರುವ ನಿಶಿ-ಕಸಾಯ್‌ನಲ್ಲಿ ಮಕ್ಕಳ ಮನೆಗೋ ನೆಂಟರ ಮನೆಗೋ ಬಂದು ಇಳಿದವರಿಗೆ ತೋಜಾಯ್ ಸುರಂಗ ಮಾರ್ಗವೇ ಆಧಾರ. ನಿಹೊಂಬಾಶಿಯಲ್ಲಿ ಗಿಂಜಾ ಮಾರ್ಗಕ್ಕೆ ಬದಲಿಸಿದರೆ ಅಸಾಕುಸಾ. ಒತೆಮಾಚಿಯಲ್ಲಿ ಇಳಿದರೆ ಟೋಕಿಯೊ ಸ್ಟೇಷನ್ ನಡೆದುಹೋಗುವಷ್ಟು ಹತ್ತಿರ, ಅಲ್ಲಿಂದಲೇ ಮರುನೋಚಿ ಮಾರ್ಗ ಹಿಡಿದರೆ ಶಿಂಜುಕು.

ಶಿಂಜುಕು ಬಗ್ಗೆ ಒಂದು ಎಚ್ಚರಿಕೆ. ದಿನಕ್ಕೆ 35 ಲಕ್ಷಕ್ಕೂ ಹೆಚ್ಚು ಜನ ಓಡಾಡುವ, ಜಗತ್ತಿನ ಅತ್ಯಂತ ದಟ್ಟಣೆಯ ಸ್ಟೇಷನ್ ಎಂದು ಗಿನ್ನೆಸ್ ದಾಖಲೆಯಲ್ಲಿ ಸೇರಿದ ಜಾಗವಿದು. ಹೊರದಾರಿಗಳೇ 200ಕ್ಕೂ ಹೆಚ್ಚು. ಒಡಕ್ಯು, ಕೇಯೊ, ಜೆಆರ್ ಮೂವರಿಗೂ ಬೇರೆ ಬೇರೆ ಗೇಟು. ಮೊದಲ ದಿನ ರೈಲಿನ ಹೊತ್ತಿಗೆ ಅರ್ಧ ಗಂಟೆ ಮುಂಚೆ ಅಲ್ಲಿರಿ. ಬೇಗ ಬಂದೆವು ಅನ್ನಿಸಲಿಕ್ಕಿಲ್ಲ.

ಕಂಪನಿಗೊಂದು ದಿಕ್ಕು ಸಿಕ್ಕಿದ್ದು ಹೇಗೆ?

ಸರ್ಕಾರಿ ರೈಲ್ವೆಯನ್ನು 1987ರ ಏಪ್ರಿಲ್ 1ರಂದು ಆರು ಪ್ರಯಾಣಿಕ ಕಂಪನಿಗಳು ಮತ್ತು ಒಂದು ಸರಕು ಕಂಪನಿಯಾಗಿ ಒಡೆದರು. ಅವೇ ಇಂದಿನ ಜೆಆರ್ ಗುಂಪು. ಆದರೆ ಒಡಕ್ಯು, ತೋಬು, ಕೇಯೊ ಆ ಒಡಕಿನಿಂದ ಹುಟ್ಟಿದವಲ್ಲ. ಅವು ಮೊದಲಿನಿಂದಲೂ ಖಾಸಗಿ.

ಇವುಗಳಲ್ಲಿ ಕೆಲವು ಶುರುವಾದದ್ದೇ ಯಾತ್ರಿಕರನ್ನು ನಂಬಿಕೊಂಡು. ಇಂದಿನ ಕೇಕ್ಯು ಕಂಪನಿಯ ಬೇರು 1899ರಲ್ಲಿ ಕವಾಸಾಕಿ ದಾಯ್ಶಿ ದೇಗುಲಕ್ಕೆ ಹಾಕಿದ ಪುಟ್ಟ ವಿದ್ಯುತ್ ರೈಲು ಮಾರ್ಗದಲ್ಲಿದೆ. 1909ರಲ್ಲಿ ಸ್ಥಾಪನೆಯಾದ ಕೇಸೇ ಕಂಪನಿಯ ಕಣ್ಣಿದ್ದದ್ದು ನರೀತಾದ ಶಿನ್‌ಶೋಜಿ ದೇಗುಲಕ್ಕೆ ಹೋಗುವ ಭಕ್ತರ ಮೇಲೆ. ವಿಮಾನ ನಿಲ್ದಾಣ ಬಂದದ್ದು ಎಷ್ಟೋ ದಶಕಗಳ ಬಳಿಕ. ಹೊಸ ವರ್ಷದ ಮೊದಲ ದಿನಗಳಲ್ಲಿ ದೂರದ ಪ್ರಸಿದ್ಧ ದೇಗುಲಗಳಿಗೆ ಹೋಗುವ ರೂಢಿ ಇಷ್ಟು ಬೆಳೆಯುವುದರಲ್ಲಿ ರೈಲು ಕಂಪನಿಗಳ ಜಾಹೀರಾತಿನ ಪಾಲೂ ದೊಡ್ಡದು.

ಆಮೇಲೆ ಬಂದದ್ದು ಇನ್ನೊಂದು ಲೆಕ್ಕಾಚಾರ. ಒಸಾಕಾದಲ್ಲಿ ಇಂದಿನ ಹಂಕ್ಯು ರೈಲ್ವೆಯನ್ನು ಕಟ್ಟಿದ ಕೊಬಾಯಾಶಿ ಇಚಿಜೊ 1910ರಲ್ಲಿ ಊರ ಹೊರಗಿನ ಬಯಲಿಗೆ ಹಳಿ ಹಾಕಿದರು. ಹಳಿಯ ಪಕ್ಕದ ಜಮೀನಿನಲ್ಲಿ ಮನೆ ಕಟ್ಟಿ ಕಂತಿನ ಮೇಲೆ ಮಾರಿದರು. ದೂರದ ತುದಿಯ ತಕಾರಾಜುಕಾದಲ್ಲಿ 1914ರಲ್ಲಿ ಹುಡುಗಿಯರ ಗೀತನಾಟಕ ತಂಡದ ಪ್ರದರ್ಶನ ಶುರುಮಾಡಿಸಿದರು. ನಗರದ ತುದಿಯ ಉಮೇದಾದಲ್ಲಿ 1929ರಲ್ಲಿ ಡಿಪಾರ್ಟ್‌ಮೆಂಟ್ ಸ್ಟೋರ್ ತೆರೆದರು. ಬೆಳಗ್ಗೆ ಜನ ಕೆಲಸಕ್ಕೆಂದು ನಗರಕ್ಕೆ ಬರುವಾಗ ರೈಲು ತುಂಬಿರುತ್ತದೆ, ವಾಪಸ್ ಹೋಗುವಾಗ ಖಾಲಿ. ಭಾನುವಾರವಂತೂ ಎರಡೂ ಕಡೆ ಖಾಲಿ. ಆ ಖಾಲಿ ಸೀಟು ತುಂಬಿಸಲು ಹಳಿಯ ಆ ತುದಿಯಲ್ಲಿ ಜನ ನೋಡಬಯಸುವಂಥದ್ದು ಏನಾದರೂ ಇರಬೇಕಿತ್ತು.

ಟೋಕಿಯೊದ ಕಂಪನಿಗಳೂ ಇದೇ ದಾರಿ ಹಿಡಿದವು. ವೃತ್ತದ ಒಳಗಿನ ಬೀದಿಗಳಲ್ಲಿ ನಗರಸಭೆಯ ಟ್ರಾಮ್‌ಗಳು ಓಡುತ್ತಿದ್ದುದರಿಂದ ಅವರಿಗೆ ಒಳಕ್ಕೆ ನುಗ್ಗಲು ಎಡೆ ಸಿಗಲಿಲ್ಲ. ಹಾಗಾಗಿ ವೃತ್ತದ ಅಂಚಿನಲ್ಲೇ ನಿಂತು ಹೊರಕ್ಕೆ ಬೆಳೆದರು. 1927ರಲ್ಲಿ ಶಿಂಜುಕುವಿನಿಂದ ಒಡಾವಾರಾವರೆಗೆ ಒಡಕ್ಯು, 1929ರಲ್ಲಿ ನಿಕ್ಕೊಗೆ ತೋಬು. ಶಿಂಜುಕು, ಇಕೆಬುಕುರೊ ಸ್ಟೇಷನ್‌ಗಳ ನೆತ್ತಿಯ ಮೇಲೆ ರೈಲು ಕಂಪನಿಯ ಹೆಸರಿನದೇ ದೊಡ್ಡ ಅಂಗಡಿಗಳು ಕಾಣುವುದು ಇದರಿಂದಲೇ.

ಪ್ರವಾಸಿಗರಿಗೆ ಇದರ ಫಲ ನೇರವಾಗಿ ಸಿಗುತ್ತದೆ. ರೈಲು, ಬಸ್, ರೋಪ್‌ವೇ, ದೋಣಿ ಎಲ್ಲ ಒಂದೇ ಕಂಪನಿಯ ಬಳಗಕ್ಕೆ ಸೇರಿರುವುದರಿಂದ ಎಲ್ಲಕ್ಕೂ ಸೇರಿಸಿ ಒಂದೇ ಪಾಸ್ ಕೊಡುತ್ತಾರೆ. ಒಡಕ್ಯುವಿನ ಹಕೋನೆ ಪಾಸ್, ತೋಬುವಿನ ನಿಕ್ಕೊ ಪಾಸ್ ಅಂಥವು. ನೀವು ವಾರದ ದಿನ ಬೆಳಗ್ಗೆ ನಗರದಿಂದ ಹೊರಕ್ಕೆ ಹೊರಟರೆ ಎದುರು ದಿಕ್ಕಿನ ರೈಲಿನಲ್ಲಿ ಕಾಲಿಡಲು ಜಾಗವಿಲ್ಲದಿರುವಾಗ ನಿಮ್ಮ ಬೋಗಿಯಲ್ಲಿ ಕೂರಲು ಸೀಟು ಸಿಗುತ್ತದೆ.

ರೈಲಿನ ದರ್ಜೆ, ಟಿಕೆಟ್‌ನ ಎರಡು ತುಂಡು

ಒಂದೇ ಹಳಿಯ ಮೇಲೆ ಓಡುವ ರೈಲುಗಳಿಗೆ ಬೇರೆ ಬೇರೆ ದರ್ಜೆ. ಎಲ್ಲ ಸ್ಟೇಷನ್‌ನಲ್ಲೂ ನಿಲ್ಲುವುದು ಲೋಕಲ್. ಕೆಲವನ್ನು ಬಿಟ್ಟು ಓಡುವುದು ರ‍್ಯಾಪಿಡ್ ಅಥವಾ ಎಕ್ಸ್‌ಪ್ರೆಸ್. ಬೆರಳೆಣಿಕೆಯ ಕಡೆ ಮಾತ್ರ ನಿಲ್ಲುವುದು ಲಿಮಿಟೆಡ್ ಎಕ್ಸ್‌ಪ್ರೆಸ್, ಜಪಾನಿ ಭಾಷೆಯಲ್ಲಿ ತೊಕ್ಕ್ಯು.

ದುಡ್ಡಿನ ಲೆಕ್ಕ ಎರಡು ಭಾಗದ್ದು. ಎ ಊರಿನಿಂದ ಬಿ ಊರಿಗೆ ಇಷ್ಟು ಎಂಬ ಮೂಲ ದರ ಒಂದು. ಅದು ಲೋಕಲ್‌ಗೂ ಎಕ್ಸ್‌ಪ್ರೆಸ್‌ಗೂ ಒಂದೇ, ವೇಗವಾಗಿ ಹೋದದ್ದಕ್ಕೆ ಹೆಚ್ಚು ಕೊಡಬೇಕಿಲ್ಲ. ಲಿಮಿಟೆಡ್ ಎಕ್ಸ್‌ಪ್ರೆಸ್‌ಗೆ ಮಾತ್ರ ಅದರ ಮೇಲೆ ಇನ್ನೊಂದು ಶುಲ್ಕ, ಅದಕ್ಕೆ ಬೇರೆಯೇ ಟಿಕೆಟ್. ಶಿಂಜುಕುವಿನಿಂದ ಹಕೋನೆ-ಯುಮೊಟೊವರೆಗೆ ಮೂಲ ದರ ಸುಮಾರು 1,200-1,300 ಯೆನ್. ರೊಮ್ಯಾನ್ಸ್‌ಕಾರ್ ಎಂಬ ಲಿಮಿಟೆಡ್ ಎಕ್ಸ್‌ಪ್ರೆಸ್‌ನಲ್ಲಿ ಹೋದರೆ ಹೆಚ್ಚುಕಡಿಮೆ ಅಷ್ಟೇ ಮೊತ್ತ ಮತ್ತೆ ಕೊಡಬೇಕು. ಹಕೋನೆ ಪಾಸ್ ಇದ್ದರೂ ಈ ಎರಡನೆಯ ತುಂಡನ್ನು ಪ್ರತ್ಯೇಕ ಕೊಳ್ಳಬೇಕು. ಜಗಳ, ಗೊಂದಲ ಹುಟ್ಟುವುದು ಬಹುತೇಕ ಇಲ್ಲಿಯೇ.

ಇದರಲ್ಲೂ ಅಪವಾದವಿದೆ. ಕೇಯೊ ಕಂಪನಿಯಲ್ಲಿ ತೊಕ್ಕ್ಯು ಎಂದು ಬರೆದ ರೈಲಿಗೆ ಹೆಚ್ಚಿನ ಶುಲ್ಕವೇ ಇಲ್ಲ. ತಕಾವೊ ಬೆಟ್ಟದ ಬುಡಕ್ಕೆ ಸುಮಾರು 430 ಯೆನ್‌ಗೆ, ಒಂದು ಗಂಟೆಯೊಳಗೆ ಮುಟ್ಟಿಸುತ್ತದೆ. ಹೆಸರು ಒಂದೇ ಆದರೂ ಕಂಪನಿ ಬದಲಾದರೆ ನಿಯಮ ಬದಲಾಗುತ್ತದೆ.

ಇನ್ನೆರಡು ಸಂಗತಿ. ಸುರಂಗ ರೈಲುಗಳು ನಗರದ ಅಂಚಿನಲ್ಲಿ ನಿಲ್ಲದೆ ಬೇರೆ ಕಂಪನಿಯ ಹಳಿಗೆ ದಾಟಿ ಮುಂದುವರಿಯುತ್ತವೆ. ಇಕೆಬುಕುರೊದಲ್ಲಿ ಫುಕುತೊಶಿನ್ ಸುರಂಗ ರೈಲು ಹತ್ತಿದರೆ ಇಳಿಯದೆ ಯೊಕೊಹಾಮಾದ ಚೈನಾಟೌನ್‌ವರೆಗೆ ಹೋಗಬಹುದು. 2013ರಿಂದ ಹೀಗಿದೆ. ಎರಡನೆಯದು, ಕೆಲವು ರೈಲುಗಳು ನಡುದಾರಿಯಲ್ಲಿ ಎರಡಾಗಿ ಒಡೆಯುತ್ತವೆ. ಶಿಂಜುಕುವಿನಿಂದ ಕವಾಗುಚಿ ಸರೋವರಕ್ಕೆ ಹೋಗುವ ಫ್ಯೂಜಿ ಎಕ್ಸ್‌ಕರ್ಷನ್ ಮೂರೇ ಬೋಗಿಯ ರೈಲು. ಅದು ಕಾಯ್ಜಿ ಎಂಬ ಇನ್ನೊಂದು ರೈಲಿನ ಬಾಲಕ್ಕೆ ಅಂಟಿಕೊಂಡು ಹೊರಟು ಒತ್ಸುಕಿಯಲ್ಲಿ ಬೇರೆಯಾಗುತ್ತದೆ. ತಪ್ಪು ಬೋಗಿಯಲ್ಲಿ ನಿದ್ದೆ ಹೋದವರು ಫ್ಯೂಜಿ ನೋಡುವ ಬದಲು ಕೊಫು ನಗರ ನೋಡುತ್ತಾರೆ. ಟಿಕೆಟ್ ಮೇಲಿರುವ ಬೋಗಿ ಸಂಖ್ಯೆ ನೋಡಿ ಹತ್ತುವುದು ಇದಕ್ಕಾಗಿಯೇ.

ಕಾರ್ಡು

ಸುಯಿಕಾ ಅಥವಾ ಪಾಸ್ಮೊ ಎಂಬ ಕಾರ್ಡಿಗೆ ಹಣ ತುಂಬಿ ಗೇಟಿನಲ್ಲಿ ತಾಗಿಸಿದರೆ ಒಳಕ್ಕೆ ಬಿಡುತ್ತದೆ, ಇಳಿಯುವ ಕಡೆ ತಾಗಿಸಿದರೆ ಮೂಲ ದರ ಕಡಿತವಾಗುತ್ತದೆ. ಸುಯಿಕಾ ಬಂದದ್ದು 2001ರಲ್ಲಿ. 2013ರಲ್ಲಿ ದೇಶದ ಹತ್ತು ಮುಖ್ಯ ಕಾರ್ಡುಗಳನ್ನು ಒಂದಕ್ಕೊಂದು ಹೊಂದಿಸಿದರು, ಹಾಗಾಗಿ ಯಾವ ಕಾರ್ಡಿದ್ದರೂ ಹೆಚ್ಚಿನ ಕಂಪನಿಗಳಲ್ಲಿ ನಡೆಯುತ್ತದೆ. ಚಿಪ್ ಕೊರತೆಯಿಂದ 2023ರಲ್ಲಿ ನಿಲ್ಲಿಸಿದ್ದ ಸಾಮಾನ್ಯ ಕಾರ್ಡಿನ ಮಾರಾಟ 2025ರ ಮಾರ್ಚ್‌ನಲ್ಲಿ ಮತ್ತೆ ಶುರುವಾಗಿದೆ. ಪ್ರವಾಸಿಗರಿಗೆ ಠೇವಣಿಯಿಲ್ಲದ, 28 ದಿನ ನಡೆಯುವ ವೆಲ್‌ಕಮ್ ಸುಯಿಕಾ ಇದೆ. ಐಫೋನ್‌ನಲ್ಲಿ ಸುಯಿಕಾ ಹಾಕಿಕೊಳ್ಳಬಹುದು. ಭಾರತದಲ್ಲಿ ಕೊಂಡ ಆಂಡ್ರಾಯ್ಡ್ ಫೋನ್‌ಗಳಲ್ಲಿ ಸಾಮಾನ್ಯವಾಗಿ ಆಗುವುದಿಲ್ಲ.

ಒಂದು ಕಾರ್ಡು ಒಬ್ಬರಿಗೆ ಮಾತ್ರ. ಗಂಡ ತಾಗಿಸಿ ಹೆಂಡತಿಗೆ ಕೊಡುವ ಉಪಾಯ ನಡೆಯದು. 6ರಿಂದ 11 ವರ್ಷದ ಮಕ್ಕಳಿಗೆ ಅರ್ಧ ದರ, ಅದಕ್ಕಿಂತ ಚಿಕ್ಕವರಿಗೆ ದೊಡ್ಡವರ ಜೊತೆ ಉಚಿತ. ಯಂತ್ರದಲ್ಲಿ ಪ್ಲಾಸ್ಟಿಕ್ ಕಾರ್ಡಿಗೆ ಹಣ ತುಂಬಲು ನೋಟು ಇಟ್ಟುಕೊಂಡಿರಿ.

ಕಾರ್ಡಿಗೆ ಗಡಿಯೂ ಇದೆ. ಟೋಕಿಯೊದಲ್ಲಿ ತಾಗಿಸಿ ಹತ್ತಿ ಜೆಆರ್ ರೈಲಿನಲ್ಲೇ ಅತಾಮಿ ದಾಟಿ ಶಿಜುವೊಕಾ ಕಡೆ ಹೋದರೆ ಇಳಿಯುವ ಗೇಟು ತೆರೆಯುವುದಿಲ್ಲ. ಅದು ಬೇರೆ ಜೆಆರ್ ಕಂಪನಿಯ ಸೀಮೆ. ಅಂಥ ಪ್ರಯಾಣಕ್ಕೆ ಕಾಗದದ ಟಿಕೆಟೇ ಬೇಕು.

ಕಾಮಾಕುರಾ: ಮೊದಲ ಸಲಕ್ಕೆ ಸುಲಭದ್ದು

ಟೋಕಿಯೊ ಸ್ಟೇಷನ್‌ನಿಂದ ಯೊಕೊಸುಕಾ ಮಾರ್ಗದಲ್ಲಿ ಒಂದು ಗಂಟೆ, ಸಾವಿರ ಯೆನ್‌ನ ಆಸುಪಾಸು. ಈ ಪ್ಲಾಟ್‌ಫಾರ್ಮ್ ನೆಲದಿಂದ ಐದು ಅಂತಸ್ತು ಕೆಳಗಿದೆ, ಹುಡುಕಿಕೊಂಡು ಇಳಿಯಲು ಹತ್ತು ನಿಮಿಷ ಇಟ್ಟುಕೊಳ್ಳಿ. ವಯಸ್ಸಾದವರಿದ್ದರೆ ಗ್ರೀನ್ ಕಾರ್ ಎಂಬ ಮೆತ್ತನೆ ಸೀಟಿನ ಬೋಗಿಗೆ ಪ್ಲಾಟ್‌ಫಾರ್ಮ್‌ನ ಯಂತ್ರದಲ್ಲೇ ಶುಲ್ಕ ಕಟ್ಟಬಹುದು. ಸೀಟಿನ ಮೇಲೆ ಚಾವಣಿಯಲ್ಲಿ ಕೆಂಪು ದೀಪವಿರುತ್ತದೆ. ಕಾರ್ಡನ್ನು ಅಲ್ಲಿಗೆ ತಾಗಿಸಿದರೆ ಹಸಿರಾಗುತ್ತದೆ, ಆಮೇಲೆ ಯಾರೂ ಬಂದು ಟಿಕೆಟ್ ಕೇಳುವುದಿಲ್ಲ.

12ನೆಯ ಶತಮಾನದ ಕೊನೆಯಿಂದ 1333ರವರೆಗೆ ಜಪಾನನ್ನು ಆಳಿದ ಸೇನಾಧಿಪತಿಗಳ ಊರಿದು. ಕಾಮಾಕುರಾಕ್ಕಿಂತ ಒಂದು ಸ್ಟೇಷನ್ ಮೊದಲೇ, ಕಿತಾ-ಕಾಮಾಕುರಾದಲ್ಲಿ ಇಳಿಯುವುದು ಜಾಣತನ. 1282ರಲ್ಲಿ ಕಟ್ಟಿದ ಎಂಗಾಕು-ಜಿ ಸ್ಟೇಷನ್ ಪಕ್ಕದಲ್ಲೇ ಇದೆ. ಅಲ್ಲಿಂದ ಇಳಿಜಾರಿನಲ್ಲಿ ಕೆಂಚೊ-ಜಿ, ತ್ಸುರುಗಾವೊಕಾ ಹಚಿಮಾನ್ ದೇಗುಲ ನೋಡುತ್ತ ಊರೊಳಗೆ ಬಂದು ಎನೊದೆನ್ ಹತ್ತಬಹುದು. ಅದು 10 ಕಿ.ಮೀ. ಉದ್ದದ, 15 ಸ್ಟೇಷನ್‌ಗಳ ಒಂಟಿ ಹಳಿಯ ಪುಟ್ಟ ರೈಲು. ಮನೆಗಳ ಹಿತ್ತಲ ಬೇಲಿಗೆ ಮೈ ತಾಗಿಸುವಂತೆ ಹೋಗುತ್ತದೆ, ಒಂದು ಕಡೆ ಬೀದಿಯಲ್ಲೇ ಕಾರುಗಳ ನಡುವೆ ಓಡುತ್ತದೆ, ಆಮೇಲೆ ಒಮ್ಮೆಗೇ ಸಮುದ್ರ ತೆರೆದುಕೊಳ್ಳುತ್ತದೆ.

ಮೂರನೆಯ ನಿಲುಗಡೆ ಹಾಸೆ. ಅಲ್ಲಿ 11 ಮೀಟರಿಗೂ ಎತ್ತರದ ಕಂಚಿನ ಅಮಿತಾಭ ಬುದ್ಧ ಬಯಲಲ್ಲಿ ಕುಳಿತಿದ್ದಾನೆ. ಎರಕ ಶುರುವಾದದ್ದು 1252ರಲ್ಲಿ, ತೂಕ ಸುಮಾರು 121 ಟನ್. ಮೊದಲು ಮೇಲೆ ಮಂಟಪವಿತ್ತು. ಬಿರುಗಾಳಿಗೂ ಕಡಲಿನ ಅಲೆಗೂ ಅದು ಹೋದ ಮೇಲೆ, 15ನೆಯ ಶತಮಾನದ ಕೊನೆಯಿಂದ ಹೀಗೇ ಇದ್ದಾನೆ. ಮೂರ್ತಿ ಪೊಳ್ಳು, ಒಳಗೆ ಹೋಗಿ ಎರಕದ ಬೆಸುಗೆಯ ಗೆರೆಗಳನ್ನು ನೋಡಬಹುದು.

ಹಕೋನೆ: ದಾರಿಯೇ ಪ್ರವಾಸ

ಹಕೋನೆಯಲ್ಲಿ ನೋಡಬೇಕಾದ್ದು ಒಂದೇ ಜಾಗವಲ್ಲ. ಅದೊಂದು ಸುತ್ತು. ಹಕೋನೆ-ಯುಮೊಟೊದಿಂದ ಗುಡ್ಡ ಹತ್ತುವ ರೈಲಿನಲ್ಲಿ ಗೋರಾಗೆ, ಅಲ್ಲಿಂದ ಕೇಬಲ್ ಕಾರ್, ಅದರಾಚೆ ರೋಪ್‌ವೇಯಲ್ಲಿ ಒವಾಕುದಾನಿ ಎಂಬ ಜ್ವಾಲಾಮುಖಿ ಕಣಿವೆಯ ಮೇಲೆ ಹಾದು ಅಶಿ ಸರೋವರದ ದಡಕ್ಕೆ, ದೋಣಿಯಲ್ಲಿ ಆ ದಡಕ್ಕೆ, ಬಸ್ಸಿನಲ್ಲಿ ವಾಪಸ್. ಐದು ವಾಹನ, ಒಂದೇ ಪಾಸ್.

ಇದರಲ್ಲಿ ನನಗೆ ಎಲ್ಲಕ್ಕಿಂತ ರುಚಿಸುವುದು ಮೊದಲ ತುಂಡು. 1919ರಲ್ಲಿ ತೆರೆದ ಈ ಗುಡ್ಡದ ರೈಲು ಸುಮಾರು 9 ಕಿ.ಮೀ. ದಾರಿಯಲ್ಲಿ 400 ಮೀಟರಿಗೂ ಹೆಚ್ಚು ಏರುತ್ತದೆ. ಕಡಿದಾದ ಕಡೆ ಪ್ರತಿ ಹನ್ನೆರಡೂವರೆ ಮೀಟರಿಗೆ ಒಂದು ಮೀಟರ್ ಏರು. ಹಲ್ಲಿನ ಚಕ್ರ ಇಲ್ಲದೆ, ಬರೀ ಗಾಲಿಯ ಹಿಡಿತದಲ್ಲಿ ಜಪಾನಿನ ಬೇರಾವ ರೈಲೂ ಇಷ್ಟು ಕಡಿದು ಹತ್ತುವುದಿಲ್ಲ. ಗುಡ್ಡ ಸುತ್ತಿಕೊಂಡು ಹೋಗಲು ಜಾಗವಿಲ್ಲದ ಮೂರು ಕಡೆ ರೈಲು ನಿಂತು, ದಿಕ್ಕು ಬದಲಿಸಿ, ಹಿಂದಿದ್ದ ಬೋಗಿ ಮುಂದಾಗಿ ಮೇಲಿನ ಹಳಿಗೆ ಏರುತ್ತದೆ. ಆ ನಿಮಿಷದಲ್ಲಿ ಚಾಲಕ ತನ್ನ ಕೋಣೆಯಿಂದ ಇಳಿದು ಹಿಂದಕ್ಕೂ, ಕಂಡಕ್ಟರ್ ಮುಂದಕ್ಕೂ ನಡೆದುಹೋಗಿ ಜಾಗ ಬದಲಿಸಿಕೊಳ್ಳುತ್ತಾರೆ. ತಿರುವಿನಲ್ಲಿ ಗಾಲಿ-ಹಳಿ ಸವೆಯದಿರಲು ಬೇರೆಡೆ ಎಣ್ಣೆ ಸವರಿದರೆ ಇಲ್ಲಿ ನೀರು ಚಿಮುಕಿಸುತ್ತಾರೆ. ಈ ಏರಿನಲ್ಲಿ ಎಣ್ಣೆ ಹಾಕಿದರೆ ರೈಲು ಜಾರುತ್ತದೆ. ನೀರಿನ ಟ್ಯಾಂಕು ರೈಲಿನಲ್ಲೇ ಇದೆ.

ಒವಾಕುದಾನಿಯಲ್ಲಿ ಗಂಧಕದ ಹೊಗೆ ಏಳುತ್ತಿರುತ್ತದೆ. ಅಲ್ಲಿನ ಬಿಸಿನೀರಿನಲ್ಲಿ ಬೇಯಿಸಿದ ಮೊಟ್ಟೆಯ ಚಿಪ್ಪು ಕಪ್ಪಾಗುತ್ತದೆ. ನೀರಿನ ಕಬ್ಬಿಣ ಮತ್ತು ಗಂಧಕ ಸೇರಿ ಆಗುವ ಬಣ್ಣ ಅದು. ಒಂದು ತಿಂದರೆ ಏಳು ವರ್ಷ ಆಯಸ್ಸು ಎಂಬ ನಂಬಿಕೆ. ಒಳಗೆ ಬರೀ ಬೇಯಿಸಿದ ಮೊಟ್ಟೆಯ ರುಚಿ, ಬೇರೇನಿಲ್ಲ. ಜ್ವಾಲಾಮುಖಿ ನಿಜವಾಗಿಯೂ ಜೀವಂತವಾಗಿದೆ. 2015ರಲ್ಲಿ ಸಣ್ಣದಾಗಿ ಸಿಡಿದು ಕಣಿವೆ ಮುಚ್ಚಿತ್ತು. ಗಾಳಿ ಜೋರಾದರೂ, ಅನಿಲ ಹೆಚ್ಚಾದರೂ ರೋಪ್‌ವೇ ನಿಲ್ಲಿಸುತ್ತಾರೆ. ಹೊರಡುವ ಬೆಳಗ್ಗೆ ಅದರ ಸ್ಥಿತಿ ನೋಡಿಕೊಳ್ಳಿ. ಸುತ್ತು ಮುಗಿಸಲು ಇಡೀ ದಿನ ಬೇಕು, ಶಿಂಜುಕುವಿನಿಂದ ಎಂಟು ಗಂಟೆಯೊಳಗೆ ಹೊರಡದಿದ್ದರೆ ಓಟವೇ ಓಟ.

ನಿಕ್ಕೊ

ಅಸಾಕುಸಾದಿಂದ ಲಿಮಿಟೆಡ್ ಎಕ್ಸ್‌ಪ್ರೆಸ್‌ನಲ್ಲಿ ಎರಡು ಗಂಟೆಯೊಳಗೆ ಮುಟ್ಟಬಹುದು. ಮೂಲ ದರ ಸುಮಾರು 1,400 ಯೆನ್. 2023ರಿಂದ ಸ್ಪೇಸಿಯಾ ಎಕ್ಸ್ ಎಂಬ ಹೊಸ ರೈಲೂ ಇದೆ. ಜಪಾನನ್ನು ಆಳಿದ ಸೇನಾಧಿಪತಿ, 1616ರಲ್ಲಿ ತೀರಿಕೊಂಡ ತೊಕುಗಾವಾ ಇಯೆಯಾಸುವನ್ನು ಮರುವರ್ಷ ಇಲ್ಲಿ ದೇವರಾಗಿ ಪ್ರತಿಷ್ಠಾಪಿಸಿದರು. ಈಗ ಕಾಣುವ ತೋಶೊಗು ಮಂದಿರದ ಬಹುಭಾಗ ಮೊಮ್ಮಗ ಇಯೆಮಿತ್ಸು 1636ರಲ್ಲಿ ಕಟ್ಟಿಸಿದ್ದು. ಚಿನ್ನ, ಬಣ್ಣ, ಕೆತ್ತನೆ ಎಲ್ಲೂ ಖಾಲಿ ಬಿಟ್ಟಿಲ್ಲ.

ಕೆಟ್ಟದ್ದನ್ನು ನೋಡದ, ಕೇಳದ, ಆಡದ ಮೂರು ಕೋತಿಗಳು ಇಲ್ಲಿನ ಕುದುರೆ ಲಾಯದ ಗೋಡೆಯ ಮೇಲಿವೆ. ಎಲ್ಲರೂ ಆ ಮೂರನ್ನೇ ಚಿತ್ರ ತೆಗೆದುಕೊಂಡು ಹೋಗುತ್ತಾರೆ. ಅಲ್ಲಿರುವುದು ಎಂಟು ಫಲಕ, 16 ಕೋತಿ. ತಾಯಿ ಮಗುವಿನ ಭವಿಷ್ಯ ನೋಡುವುದರಿಂದ ಹಿಡಿದು ಆ ಮಗು ಬೆಳೆದು ತಾನೇ ತಾಯಾಗುವವರೆಗಿನ ಬದುಕು ಅದು. ಮೂರು ಕೋತಿಗಳು ಬಾಲ್ಯದ ಫಲಕ. ಇಯೆಯಾಸುವಿನ ಸಮಾಧಿಗೆ 207 ಕಲ್ಲಿನ ಮೆಟ್ಟಿಲಿವೆ, ಮಂಡಿ ನೋವಿನವರು ಕೆಳಗೇ ಉಳಿಯುವುದು ಮೇಲು.

ಮಂದಿರದ ಜೊತೆಗೆ 97 ಮೀಟರಿನ ಕೆಗೊನ್ ಜಲಪಾತ, ಚೂಜೆಂಜಿ ಸರೋವರವನ್ನೂ ಒಂದೇ ದಿನದಲ್ಲಿ ಸೇರಿಸಲು ನೋಡುವವರು ಬಹಳ. ಅಲ್ಲಿಗೆ ಇರೊಹಾಜಾಕಾ ಎಂಬ ಘಾಟಿ ಹತ್ತಬೇಕು, ಹತ್ತುವ-ಇಳಿಯುವ ದಾರಿ ಸೇರಿ 48 ತಿರುವು. ಅಕ್ಟೋಬರ್-ನವೆಂಬರ್‌ನ ಕೆಂಪೆಲೆ ಕಾಲದಲ್ಲಿ ಬಸ್ಸುಗಳು ಆ ಘಾಟಿಯಲ್ಲಿ ಗಂಟೆಗಟ್ಟಲೆ ನಿಲ್ಲುತ್ತವೆ. ಒಂದನ್ನೇ ಆರಿಸಿಕೊಳ್ಳಿ ಎನ್ನುವುದು ನನ್ನ ಅಭಿಪ್ರಾಯ.

ಅರ್ಧ ದಿನಕ್ಕೆ, ಮತ್ತು ಫ್ಯೂಜಿಗೆ

ಅರ್ಧ ದಿನವಷ್ಟೇ ಇದ್ದರೆ ಕವಾಗೊಯೆ. ಇಕೆಬುಕುರೊದಿಂದ ಅರ್ಧ ಗಂಟೆ. 1893ರ ಬೆಂಕಿಯಲ್ಲಿ ಊರಿನ ದೊಡ್ಡ ಭಾಗ ಸುಟ್ಟುಹೋದಾಗ ದಪ್ಪ ಮಣ್ಣಿನ ಗೋಡೆಯ ಉಗ್ರಾಣಗಳು ಉಳಿದವು. ಅದನ್ನು ನೋಡಿ ವ್ಯಾಪಾರಿಗಳು ತಮ್ಮ ಅಂಗಡಿಗಳನ್ನೂ ಹಾಗೇ ಕಟ್ಟಿಕೊಂಡರು. ಸಿಹಿಗೆಣಸಿನ ತಿಂಡಿಗೆ ಹೆಸರಾದ ಊರು. ತಕಾವೊ 599 ಮೀಟರಿನ ಬೆಟ್ಟ, ಜಪಾನಿನಲ್ಲೇ ಅತ್ಯಂತ ಕಡಿದಾದ ಕೇಬಲ್ ಕಾರ್ ಅಲ್ಲಿದೆ.

3,776 ಮೀಟರಿನ ಫ್ಯೂಜಿ ಪರ್ವತ ನೋಡುವುದು ಟಿಕೆಟ್‌ಗಿಂತ ಹೆಚ್ಚಾಗಿ ಮೋಡದ ವಿಷಯ. ಬೇಸಿಗೆಯಲ್ಲಿ ದಿನಗಟ್ಟಲೆ ಮುಖ ತೋರಿಸುವುದಿಲ್ಲ. ನವೆಂಬರ್‌ನಿಂದ ಫೆಬ್ರವರಿಯ ಬೆಳಗುಗಳಲ್ಲಿ ಕಾಣುವ ಸಾಧ್ಯತೆ ಹೆಚ್ಚು. ಹಾಗಾಗಿ ಫ್ಯೂಜಿಗೆ ಮುಂಚೆಯೇ ದಿನ ಗೊತ್ತುಮಾಡದೆ, ಹವಾಮಾನ ನೋಡಿ ಹಿಂದಿನ ಸಂಜೆ ತೀರ್ಮಾನಿಸುವುದು ಒಳ್ಳೆಯದು. ರೈಲಿನ ಸೀಟು ಸಿಗದಿದ್ದರೆ ಶಿಂಜುಕುವಿನಿಂದ ಎರಡು ಗಂಟೆಯೊಳಗೆ ತಲುಪುವ ಬಸ್ಸುಗಳಿವೆ.

ಹೊತ್ತು ಮತ್ತು ಹೊಟ್ಟೆ

ಇಡೀ ಜಪಾನಿಗೆ ಒಂದೇ ಗಡಿಯಾರ, ಟೋಕಿಯೊ ಅದರ ಪೂರ್ವದ ಕಡೆ. ಜೂನ್‌ನಲ್ಲಿ ನಾಲ್ಕೂವರೆಗೇ ಬೆಳಗಾಗುತ್ತದೆ, ಡಿಸೆಂಬರ್ ಮೊದಲ ವಾರದಲ್ಲಿ ಸಂಜೆ ನಾಲ್ಕೂವರೆಗೇ ಸೂರ್ಯ ಮುಳುಗುತ್ತಾನೆ. ತೋಶೊಗು ನವೆಂಬರ್‌ನಿಂದ ಮಾರ್ಚ್‌ವರೆಗೆ ನಾಲ್ಕಕ್ಕೇ ಮುಚ್ಚುತ್ತದೆ, ಅದಕ್ಕೂ ಅರ್ಧ ಗಂಟೆ ಮೊದಲು ಒಳಗೆ ಬಿಡುವುದು ನಿಲ್ಲಿಸುತ್ತಾರೆ. ಹತ್ತು ಗಂಟೆಗೆ ತಿಂಡಿ ಮುಗಿಸಿ ಹೊರಡುವ ನಮ್ಮ ರಜೆಯ ಅಭ್ಯಾಸ ಇಲ್ಲಿ ಆಗಿಬರುವುದಿಲ್ಲ.

ಸಸ್ಯಾಹಾರಿಗಳಿಗೆ ತೊಡಕು ಕಣ್ಣಿಗೆ ಕಾಣುವ ಮಾಂಸದ್ದಲ್ಲ, ದಾಶಿಯದ್ದು. ಒಣಮೀನಿನ ಎಸಳುಗಳನ್ನು ಕುದಿಸಿ ತೆಗೆದ ಈ ರಸ ಸೋಬಾ, ಮಿಸೊ ಸೂಪು, ತರಕಾರಿ ಟೆಂಪುರಾದ ಅದ್ದುರಸ ಎಲ್ಲದರಲ್ಲೂ ಇರುತ್ತದೆ. ‘ಮಾಂಸ ಬೇಡ’ ಅಂದರೆ ಸಾಲದು, ದಾಶಿ ಇದೆಯೇ ಎಂದು ಕೇಳಬೇಕು. ನಿಕ್ಕೊದಲ್ಲಿ ಸೋಯಾ ಹಾಲಿನ ಮೇಲೆ ಕಟ್ಟುವ ಕೆನೆಯನ್ನು ಎತ್ತಿ ಮಾಡುವ ಯುಬಾ ಪ್ರಸಿದ್ಧ, ಆದರೆ ಅದನ್ನೂ ಕೆಲವು ಕಡೆ ದಾಶಿಯಲ್ಲೇ ಬೇಯಿಸುತ್ತಾರೆ. ಕಟ್ಟುನಿಟ್ಟಿನವರು ಚಪಾತಿಯನ್ನೋ ಚಿತ್ರಾನ್ನವನ್ನೋ ಕಟ್ಟಿಕೊಂಡು ಹೋಗುವುದು ನೆಮ್ಮದಿ. ಲಿಮಿಟೆಡ್ ಎಕ್ಸ್‌ಪ್ರೆಸ್‌ಗಳಲ್ಲಿ ತಿನ್ನಲು ಅಡ್ಡಿಯಿಲ್ಲ, ಸೀಟಿನ ಮುಂದೆ ಮಡಚುವ ಹಲಗೆಯೇ ಇರುತ್ತದೆ. ಜನ ತುಂಬಿದ ಲೋಕಲ್‌ನಲ್ಲಿ ಮಾತ್ರ ಡಬ್ಬಿ ತೆರೆಯಬೇಡಿ.

ರೈಲು ನಿಂತುಹೋದರೆ

ಜಪಾನಿನ ರೈಲು ಎಂದೂ ತಪ್ಪುವುದಿಲ್ಲ ಎಂಬ ನಂಬಿಕೆಯಲ್ಲಿ ಹೋಗಬೇಡಿ. ಟೈಫೂನ್, ಭೂಕಂಪ, ಜೋರು ಮಳೆ ಬಂದರೆ ನಿಲ್ಲುತ್ತವೆ. 2019ರ ಅಕ್ಟೋಬರ್‌ನ ಟೈಫೂನ್‌ನಲ್ಲಿ ಹಕೋನೆಯ ಗುಡ್ಡದ ಹಳಿ ಕೊಚ್ಚಿಹೋಗಿ 2020ರ ಜುಲೈವರೆಗೆ ರೈಲು ಓಡಲಿಲ್ಲ. ದಿನನಿತ್ಯದ ಕೊನೆಯ ರೈಲುಗಳು ನಗರದಲ್ಲಿ ಮಧ್ಯರಾತ್ರಿಯ ಹೊತ್ತಿಗೆ ಮುಗಿಯುತ್ತವೆ. ದೂರದ ಊರುಗಳಿಂದ ಟೋಕಿಯೊಗೆ ಮರಳುವ ಲಿಮಿಟೆಡ್ ಎಕ್ಸ್‌ಪ್ರೆಸ್‌ಗಳು ಅದಕ್ಕಿಂತ ಬಹಳ ಮೊದಲೇ.

ಒಂದು ಮಾರ್ಗ ನಿಂತಾಗ, ಟಿಕೆಟ್ ಮೊದಲೇ ಕೊಂಡವರನ್ನು ಹೆಚ್ಚಿನ ದುಡ್ಡಿಲ್ಲದೆ ಬೇರೆ ಕಂಪನಿಯ ರೈಲಿಗೆ ಕಳಿಸುವ ಏರ್ಪಾಡಿದೆ. ಕಾರ್ಡಿಗೆ ತುಂಬಿದ ಹಣದಲ್ಲಿ ಪ್ರಯಾಣಿಸುತ್ತಿರುವವರಿಗೆ ಇದು ಸಿಗುವುದಿಲ್ಲ. ಅವರು ಬೇರೆ ದಾರಿಯ ದರವನ್ನು ಕೈಯಿಂದಲೇ ಕೊಡಬೇಕು. ದಾರಿ ಮಾತ್ರ ಇದ್ದೇ ಇರುತ್ತದೆ, ಏಕೆಂದರೆ ಈ ಊರುಗಳಲ್ಲಿ ಹೆಚ್ಚಿನವಕ್ಕೆ ಇಬ್ಬರು ಒಡೆಯರು. ಹಕೋನೆಯಿಂದ ಬರುವಾಗ ಒಡಕ್ಯು ನಿಂತಿದ್ದರೆ ಒಡಾವಾರಾದಲ್ಲಿ ಜೆಆರ್‌ನ ತೊಕಾಯ್‌ಡೊ ಮಾರ್ಗವೂ ಶಿಂಕಾನ್ಸೆನ್ನೂ ಇವೆ. ನಿಕ್ಕೊದಲ್ಲಿ ತೋಬು ಸ್ಟೇಷನ್‌ನಿಂದ ಕೆಲವೇ ನಿಮಿಷ ನಡೆದರೆ ಜೆಆರ್ ಸ್ಟೇಷನ್, ಉತ್ಸುನೊಮಿಯಾ ಮೂಲಕ ಟೋಕಿಯೊ. ತಕಾವೊದಲ್ಲಿ ಕೇಯೊ ಬಿಟ್ಟರೆ ಜೆಆರ್‌ನ ಚೂಓ ಮಾರ್ಗ. ಕವಾಗೊಯೆಗೆ ತೋಬು, ಸೇಬು, ಜೆಆರ್ ಮೂವರೂ ಬರುತ್ತಾರೆ. ಕಾಮಾಕುರಾದಲ್ಲಿ ಜೆಆರ್ ಕೈಕೊಟ್ಟರೆ ಎನೊದೆನ್‌ನಲ್ಲಿ ಫುಜಿಸಾವಾವರೆಗೆ ಹೋಗಿ ಅಲ್ಲಿಂದ ಒಡಕ್ಯು ಹಿಡಿದು ಶಿಂಜುಕುವಿಗೆ ಬರಬಹುದು.